ಎಲ್‌ಇಡಿ ಚೌಕದಲ್ಲಿ ನಿರ್ದೇಶಾಂಕಗಳು: ಒಂಬತ್ತನೇ ತರಗತಿಯ ಒಂದು ಬೋಧನಾ ಅನುಭವ

ತರಗತಿ: 9
ವಿಷಯ: ಗಣಿತ
ಘಟಕ: ನಿರ್ದೇಶಾಂಕ ರೇಖಾಗಣಿತ
ಅವಧಿ: 40 ನಿಮಿಷಗಳ ಮೂರು ಅವಧಿಗಳು, ಬಳಿಕ ಪರಿಹಾರ ಬೋಧನೆಗೆ ಒಂದು
ಸ್ಥಳ: ಕಡಬ ತಾಲ್ಲೂಕಿನ ಒಂದು ಪ್ರೌಢಶಾಲೆ

ನನ್ನ ಮನೆ ಸುಳ್ಯದ ಕಡೆ, ಕಾಲೇಜು ಪುತ್ತೂರಿನಲ್ಲಿ, ಇಂಟರ್ನ್‌ಶಿಪ್‌ಗೆ ಸಿಕ್ಕಿದ ಶಾಲೆ ಕಡಬದಲ್ಲಿ. ದಿನದ ಎರಡು ಹೊತ್ತು ಬಸ್ಸಿನಲ್ಲೇ ಕಳೆಯುತ್ತಿತ್ತು. ಎದುರಿನಿಂದ ಬರುವ ಬಸ್ಸಿನ ನೆತ್ತಿಯ ಎಲ್‌ಇಡಿ ಬೋರ್ಡಿನಲ್ಲಿ ಊರಿನ ಹೆಸರು ಓಡುವುದನ್ನು ನೋಡುತ್ತಿದ್ದಾಗ ಈ ಪಾಠದ ಯೋಚನೆ ಬಂತು. ಆ ಬೋರ್ಡಿನಲ್ಲಿ ಅಕ್ಷರ ಎಂಬುದೇ ಇಲ್ಲ. ಇರುವುದು ಸಾಲು ಸಾಲು ದೀಪಗಳು. ಯಾವ ಸಾಲಿನ ಎಷ್ಟನೇ ದೀಪ ಉರಿಯಬೇಕು ಎಂಬ ಲೆಕ್ಕ ಮಾತ್ರ. ಒಂಬತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತದಲ್ಲಿ ನಾವು ಕಲಿಸುವುದೂ ಅದನ್ನೇ: ಎರಡು ಸಂಖ್ಯೆಗಳಿಂದ ಒಂದು ಜಾಗವನ್ನು ಗುರುತಿಸುವುದು. ಹಾಗಾದರೆ ಗ್ರಾಫ್ ಹಾಳೆಯ ಚುಕ್ಕೆಯ ಬದಲು ದೀಪವನ್ನೇ ಉರಿಸಿ ತೋರಿಸಬಹುದಲ್ಲ ಎಂದುಕೊಂಡೆ.

ಪಾಠ ಚೆನ್ನಾಗಿ ಆಯಿತು, ಮಕ್ಕಳು ಕುಣಿದರು. ಆಮೇಲೆ ಕಿರುಪರೀಕ್ಷೆಯಲ್ಲಿ ನನ್ನ ಪಾಠದಿಂದಲೇ 11 ಮಕ್ಕಳು ತಪ್ಪು ಮಾಡಿದರು. ಹೆಚ್ಚಾಗಿ ಅದರ ಬಗ್ಗೆಯೇ ಈ ಬರಹ.

ಉಪಕರಣ

ಬಳಸಿದ್ದು ಮೈಕ್ರೋಬಿಟ್ ಎಂಬ ಸಣ್ಣ ಕಂಪ್ಯೂಟರ್ ಹಲಗೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪವೇ ದೊಡ್ಡದು. ಬ್ರಿಟನ್ನಿನ ಬಿಬಿಸಿ ಸಂಸ್ಥೆ 2016ರಲ್ಲಿ ಅಲ್ಲಿನ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿದ ಹಲಗೆ ಇದು. ಮುಖದಲ್ಲಿ 5 ಸಾಲು, ಸಾಲಿಗೆ 5ರಂತೆ 25 ಕೆಂಪು ಎಲ್‌ಇಡಿ ದೀಪಗಳಿವೆ. ಎರಡು ಪಕ್ಕಗಳಲ್ಲಿ ಎ ಮತ್ತು ಬಿ ಎಂಬ ಗುಂಡಿಗಳಿವೆ. ಎರಡು ಸಣ್ಣ ಶೆಲ್ ಹಾಕಿದರೆ ನಡೆಯುತ್ತದೆ. ಕಾರ್ಯಕ್ರಮ ಬರೆಯಲು ಮೇಕ್‌ಕೋಡ್ ಎಂಬ ತಾಣವಿದೆ. ಅದರಲ್ಲಿ ಆಜ್ಞೆಗಳು ಬಣ್ಣದ ತುಂಡುಗಳಂತಿದ್ದು, ಒಂದಕ್ಕೊಂದು ಸೇರಿಸುತ್ತ ಹೋದರೆ ಸಾಕು. ಪಕ್ಕದಲ್ಲೇ ಹಲಗೆಯ ಚಿತ್ರವೊಂದು ಕಾಣುತ್ತದೆ, ನಿಜವಾದ ಹಲಗೆ ಕೈಯಲ್ಲಿಲ್ಲದವರೂ ಅದರಲ್ಲಿ ದೀಪ ಉರಿಸಿ ನೋಡಬಹುದು. ಒಮ್ಮೆ ಇಂಟರ್ನೆಟ್‌ನಲ್ಲಿ ತೆರೆದುಕೊಂಡ ಬಳಿಕ ಇಂಟರ್ನೆಟ್ ಇಲ್ಲದೆಯೂ ಇದು ನಡೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಹಿಂದಿನ ರಾತ್ರಿ ಮನೆಯಲ್ಲೇ ಮೂರು ಲ್ಯಾಪ್‌ಟಾಪ್‌ಗಳಲ್ಲಿ ತೆರೆದಿಟ್ಟು, ಪೂರ್ತಿ ಚಾರ್ಜ್ ಮಾಡಿ ತಂದಿದ್ದೆ. ಎರಡನೇ ಅವಧಿಯ ಮಧ್ಯದಲ್ಲಿ ಕರೆಂಟು ಹೋಯಿತು, ಪಾಠ ನಿಲ್ಲಲಿಲ್ಲ.

ದೀಪ ಉರಿಸುವ ಆಜ್ಞೆ ಒಂದೇ ಸಾಲಿನದು: ‘ಪ್ಲಾಟ್ ಎಕ್ಸ್ 2 ವೈ 3’. ನಂದಿಸಲು ‘ಅನ್‌ಪ್ಲಾಟ್’. ಉರಿಯುತ್ತಿದ್ದರೆ ನಂದಿಸಿ, ನಂದಿದ್ದರೆ ಉರಿಸಲು ‘ಟಾಗಲ್’. ಎಕ್ಸ್ ಎಂದರೆ ಎಡದಿಂದ ಬಲಕ್ಕೆ ಎಷ್ಟು, ವೈ ಎಂದರೆ ಮೇಲಿನಿಂದ ಕೆಳಕ್ಕೆ ಎಷ್ಟು. ಎರಡೂ 0ಯಿಂದ 4ರವರೆಗೆ. ಎಡಗಡೆಯ ಮೇಲಿನ ಮೂಲೆಯ ದೀಪ (0, 0), ಬಲಗಡೆಯ ಕೆಳಗಿನ ಮೂಲೆಯದು (4, 4), ನಟ್ಟನಡುವಿನದು (2, 2). ಮೇಲಿನ ಮೂರು ವಾಕ್ಯಗಳಲ್ಲಿ ಒಂದು ಕಡೆ ನಾನು ಮುಗ್ಗರಿಸುವುದಕ್ಕೆ ಬೇಕಾದ್ದೆಲ್ಲ ಇತ್ತು. ಪಾಠಯೋಜನೆ ಬರೆಯುವಾಗ ಅದು ಕಣ್ಣಿಗೆ ಬೀಳಲಿಲ್ಲ.

ತೋಟದಿಂದ ಆರಂಭ

5ಇ ಮಾದರಿಯಲ್ಲಿ ಬರೆದ ಯೋಜನೆಯ ಪ್ರಕಾರ ತೊಡಗಿಸಿಕೊಳ್ಳುವ ಹಂತದಲ್ಲಿ ಸಿನೆಮಾ ಮಂದಿರದ ಆಸನಗಳ ಉದಾಹರಣೆ ಕೊಡಬೇಕಿತ್ತು. ಕೇಳಿದರೆ ತರಗತಿಯ 34 ಮಕ್ಕಳಲ್ಲಿ ಹೆಚ್ಚಿನವರು ಸಿನೆಮಾ ಮಂದಿರದ ಒಳಗೆ ಹೋದವರೇ ಅಲ್ಲ. ಯೋಜನೆಯನ್ನು ಮಡಚಿಟ್ಟು, “ನಿಮ್ಮಲ್ಲಿ ಅಡಿಕೆ ತೋಟ ಯಾರಿಗೆ ಉಂಟು?” ಎಂದು ಕೇಳಿದೆ. ಕೈಗಳು ಎದ್ದವು. ತೋಟ ಇಲ್ಲದವರ ಮನೆಯಲ್ಲೂ ತೋಟದ ಕೆಲಸಕ್ಕೆ ಹೋಗುವವರು ಇದ್ದರು.

ಅಡಿಕೆಗೆ ಶಿಫಾರಸು ಮಾಡುವ ಅಂತರ ಎರಡೂ ದಿಕ್ಕಿಗೆ 2.7 ಮೀಟರ್, ನಮ್ಮ ಹಿರಿಯರ ಬಾಯಲ್ಲಿ ಒಂಬತ್ತು ಅಡಿ. ಒಂದು ಹೆಕ್ಟೇರಿಗೆ ಸುಮಾರು 1371 ಗಿಡ. ಸರಿಯಾಗಿ ನೆಟ್ಟ ತೋಟವೆಂದರೆ ನೆಲದ ಮೇಲೆ ಬರೆದ ಗ್ರಾಫ್ ಹಾಳೆ. “ಕೊಳೆರೋಗಕ್ಕೆ ಮದ್ದು ಬಿಡುವಾಗ ಒಂದು ಮರ ಬಿಟ್ಟುಹೋಯಿತು. ಮರ ಹತ್ತುವವರಿಗೆ ಆ ಮರ ಯಾವುದು ಎಂದು ಹೇಗೆ ಹೇಳುತ್ತೀರಿ?” ಎಂದೆ. “ಮೂರನೇ ಸಾಲಿನ ಐದನೇ ಮರ” ಎಂಬ ಉತ್ತರ ತಕ್ಷಣ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಒಪ್ಪಲಿಲ್ಲ. “ಎಲ್ಲಿಂದ ಮೂರನೇ ಸಾಲು ಟೀಚರ್? ನಮ್ಮಲ್ಲಿ ಅಪ್ಪ ಪಂಪ್‌ಶೆಡ್‌ನಿಂದ ಎಣಿಸುದು, ಮಾವ ಮನೆ ಕಡೆಯಿಂದ ಎಣಿಸುದು. ಇಬ್ಬರಿಗೂ ಯಾವಾಗಲೂ ಚರ್ಚೆ.”

ಮೂಲಬಿಂದು ಎಂದರೇನು ಎಂಬುದಕ್ಕೆ ನಾನು ಬರೆದುಕೊಂಡು ಹೋಗಿದ್ದ ವ್ಯಾಖ್ಯೆಗಿಂತ ಈ ಮಾತು ಒಳ್ಳೆಯದಾಗಿತ್ತು. ಅಂದಿನಿಂದ ಮೂಲಬಿಂದುವಿಗೆ ತರಗತಿಯಲ್ಲಿ ‘ಪಂಪ್‌ಶೆಡ್’ ಎಂದೇ ಹೆಸರಾಯಿತು.

ಸೊನ್ನೆಯಿಂದ ಎಣಿಸುವುದಕ್ಕೂ ಪಂಪ್‌ಶೆಡ್ ಸಹಾಯಕ್ಕೆ ಬಂತು. ಮೊದಲ ದೀಪವನ್ನು 1 ಎನ್ನದೆ 0 ಎನ್ನುವುದು ಮಕ್ಕಳಿಗೆ ಹಿಡಿಸುವುದಿಲ್ಲ. ಮೊದಲ ಮರ ಯಾವತ್ತೂ ಸೊನ್ನೆಯ ಮರ ಅಲ್ಲವಲ್ಲ! ಮರದ ನಂಬರನ್ನು ಬಿಟ್ಟು, ಪಂಪ್‌ಶೆಡ್‌ಗೆ ತಾಗಿದ ಮರದ ಬುಡದಲ್ಲಿ ನಿಂತು, ಇನ್ನೊಂದು ಮರಕ್ಕೆ ಹೋಗಲು ಎಷ್ಟು ಅಂತರ ದಾಟಬೇಕು ಎಂದು ಎಣಿಸಲು ಹೇಳಿದೆ. ನಿಂತಲ್ಲೇ ಇದ್ದರೆ ದಾಟುವುದು ಸೊನ್ನೆ. ಐದನೇ ಮರಕ್ಕೆ ನಾಲ್ಕು. ನಿರ್ದೇಶಾಂಕ ಎಂದರೆ ಮರದ ನಂಬರ್ ಅಲ್ಲ, ದಾಟಿದ ಅಂತರ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ‘ಪ್ಲಾಟ್ ಎಕ್ಸ್ 5 ವೈ 5’ ಎಂದು ಕೊಟ್ಟರೆ ಯಾವ ದೀಪವೂ ಉರಿಯದಿರುವುದು ಯಾಕೆಂದು ಮುಂದಿನ ಅವಧಿಯಲ್ಲಿ ಮಕ್ಕಳೇ ಹೇಳಿದರು: “ತೋಟದ ಬೇಲಿ ದಾಟಿತು ಟೀಚರ್.”

ಮಕ್ಕಳೇ ದೀಪಗಳು

ಮೊದಲ ಅವಧಿಯ ಉಳಿದರ್ಧದಲ್ಲಿ ಹಲಗೆಯನ್ನು ಹೊರಗೆ ತೆಗೆಯಲೇ ಇಲ್ಲ. ಶಾಲೆಯ ಸಭಾಂಗಣದಲ್ಲಿ 25 ಮಕ್ಕಳನ್ನು ಐದೈದರ ಸಾಲಿನಲ್ಲಿ ಕುಳ್ಳಿರಿಸಿ, ಪ್ರತಿಯೊಬ್ಬರ ಕೈಗೆ ಒಂದೊಂದು ಹಾಳೆ ತಟ್ಟೆ ಕೊಟ್ಟೆ. ತಟ್ಟೆ ತಲೆಯ ಮೇಲೆ ಎತ್ತಿದರೆ ದೀಪ ಉರಿಯಿತು, ಮಡಿಲಲ್ಲಿಟ್ಟರೆ ನಂದಿತು. ಉಳಿದ ಒಂಬತ್ತು ಮಂದಿ ಕಾರ್ಯಕ್ರಮ ಬರೆಯುವವರು. ಅವರು ಚೀಟಿಯಲ್ಲಿ (3, 1) ಎಂದು ಬರೆದು ಓದಬೇಕು, ಆ ಜಾಗದವರು ತಟ್ಟೆ ಎತ್ತಬೇಕು.

ಇದನ್ನು ಮಾಡಿಸಬೇಕೆಂದಿರುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಮೊದಲ ಸಲ ಮಕ್ಕಳು ನನ್ನ ಕಡೆ ಮುಖ ಮಾಡಿ ಕುಳಿತಿದ್ದರು. ನನ್ನ ಎಡ ಅವರಿಗೆ ಬಲ. ಎರಡು ನಿಮಿಷದಲ್ಲಿ ಗದ್ದಲ. ಕಾರ್ಯಕ್ರಮ ಬರೆಯುವವರನ್ನು ಕುಳಿತವರ ಬೆನ್ನ ಹಿಂದೆ ನಿಲ್ಲಿಸಿ, ಎಲ್ಲರೂ ಗೋಡೆಯ ಕಡೆ ನೋಡುವಂತೆ ಮಾಡಿದ ಮೇಲೆ ಸರಿಯಾಯಿತು. ಗೋಡೆಯ ಹತ್ತಿರದ ಸಾಲು ‘ಮೇಲಿನ’ ಸಾಲು. ತುಳು ಮಾತಾಡುವ ಮಕ್ಕಳು ಅದನ್ನು ‘ಮಿತ್ತ್, ತಿರ್ತ್’ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಎಣಿಸಿದರು. ತಡೆಯಲಿಲ್ಲ.

ಇನ್ನೊಂದು ಗೊಂದಲ ಕ್ರಮದ್ದು. ತೋಟದಲ್ಲಿ ಮೊದಲು ಸಾಲು ಹೇಳುತ್ತಾರೆ, ಆಮೇಲೆ ಆ ಸಾಲಿನ ಮರ. ನಿರ್ದೇಶಾಂಕದಲ್ಲಿ ಮೊದಲು ಅಡ್ಡಕ್ಕೆ ಎಷ್ಟು ಸರಿದೆವು, ಆಮೇಲೆ ಎಷ್ಟನೇ ಅಡ್ಡಸಾಲು. (3, 1) ಎಂದಾಗ ಅರ್ಧದಷ್ಟು ತಟ್ಟೆಗಳು (1, 3)ರಲ್ಲಿ ಎದ್ದವು. ಇದು ಮಕ್ಕಳದ್ದೇ ತೊಡಕು ಎಂದು ತಿಳಿಯಬೇಕಾಗಿಲ್ಲ. ಆರ್ಡುಯಿನೋ ಜೊತೆ ಬಳಸುವ ಎಂಟಕ್ಕೆ ಎಂಟರ ಎಲ್‌ಇಡಿ ಚೌಕಗಳ ಪ್ರಚಲಿತ ಆಜ್ಞೆಯೊಂದರಲ್ಲಿ ಮೊದಲು ಅಡ್ಡಸಾಲು, ಬಳಿಕ ಕಂಬಸಾಲು ಬರುತ್ತದೆ, ನಮ್ಮ ತೋಟದವರ ಹಾಗೆಯೇ. ಮಕ್ಕಳಿಗೆ “ಮೊದಲು ಸರಿ, ಆಮೇಲೆ ಇಳಿ” ಎಂಬ ಮಾತು ಕೊಟ್ಟೆ. ಬಾಯಿಪಾಠ ಮಾಡಿಕೊಂಡರು. ‘ಇಳಿ’ ಎಂಬ ಆ ಪದವನ್ನು ನಾನೇ ಅವರ ತಲೆಗೆ ಹಾಕಿದ್ದು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ದೀಪಗಳು

ಎರಡನೇ ಅವಧಿಯಲ್ಲಿ ನಾಲ್ಕು ಹಲಗೆ, ಮೂರು ಲ್ಯಾಪ್‌ಟಾಪ್. ಮೊದಲು ನಗುಮುಖ. ಕಣ್ಣುಗಳು (1, 1) ಮತ್ತು (3, 1). ಬಾಯಿ (0, 3), (1, 4), (2, 4), (3, 4), (4, 3). ಏಳು ಆಜ್ಞೆ, ಏಳು ದೀಪ. ಎ ಗುಂಡಿ ಒತ್ತಿದಾಗ ಕಾಣುವಂತೆ ಮಾಡಿಸಿದೆ.

ಬಳಿಕ “ನಿಮಗೆ ಬೇಕಾದ ಚಿತ್ರ ಮಾಡಿ” ಎಂದು ಬಿಟ್ಟೆ. ಬಸ್ಸಿನ ಬೋರ್ಡಿನ ಹಾಗೆ ಕನ್ನಡ ಅಕ್ಷರ ಬೇಕೆಂದು ಒಂದು ಗುಂಪು ಹಟ ಹಿಡಿಯಿತು. ಐದಕ್ಕೆ ಐದರ ಚೌಕದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳು ಹೇಗೋ ಕೂರುತ್ತವೆ. ಕನ್ನಡದ ತಲೆಕಟ್ಟು, ಕೊಂಬು, ಒತ್ತು ಕೂರುವುದಿಲ್ಲ. ಅರ್ಧ ಗಂಟೆ ಹೋರಾಡಿ ಅವರು ಕಂಡುಕೊಂಡದ್ದು ‘ಠ’. ಅಂಚಿನ 16 ದೀಪಗಳಲ್ಲಿ ನಾಲ್ಕು ಮೂಲೆ ಬಿಟ್ಟರೆ 12, ನಡುವೆ (2, 2) ಒಂದು, ಒಟ್ಟು 13. ತಲೆಕಟ್ಟಿಗೆ ಜಾಗ ಇರಲಿಲ್ಲ, ಆದರೂ ಓದಬಹುದಿತ್ತು. ನಡುವಿನ ದೀಪಕ್ಕೆ ಮಾತ್ರ ‘ಟಾಗಲ್’ ಹಾಕಿ, ಅದು ಆರಿ ಹತ್ತುವಂತೆ ಮಾಡಿ, ಒಮ್ಮೆ ‘ಠ’ ಒಮ್ಮೆ ಕನ್ನಡದ ಸೊನ್ನೆ ಎಂದು ತೋರಿಸಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

13 ಆಜ್ಞೆ ಬರೆದು ಕೈಸೋತ ಮೇಲೆ ಮೂರನೇ ಅವಧಿಯಲ್ಲಿ ಆವರ್ತನೆ ಕಲಿಸುವುದು ಸುಲಭವಾಯಿತು. ಸೂಚಿಯನ್ನು 0ಯಿಂದ 4ರವರೆಗೆ ಓಡಿಸಿ ಎಕ್ಸ್ ಮತ್ತು ವೈ ಎರಡಕ್ಕೂ ಅದನ್ನೇ ಕೊಟ್ಟರೆ ಒಂದು ಕರ್ಣ. ಎಕ್ಸ್‌ಗೆ ಸೂಚಿ, ವೈಗೆ 4ರಿಂದ ಸೂಚಿಯನ್ನು ಕಳೆದದ್ದು ಕೊಟ್ಟರೆ ಇನ್ನೊಂದು ಕರ್ಣ: (0, 4), (1, 3), (2, 2), (3, 1), (4, 0). ಪ್ರತಿ ಜೋಡಿಯ ಮೊತ್ತವೂ 4 ಎಂದು ಮಕ್ಕಳು ಕಂಡುಕೊಂಡರು. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಇನ್ನೂ ಮುಂದಿನ ಪಾಠ, ಆದರೆ ಎಕ್ಸ್ + ವೈ = 4 ಎಂಬುದು ಅಷ್ಟರಲ್ಲೇ ಕೆಂಪು ದೀಪಗಳ ಗೆರೆಯಾಗಿ ಕಂಡಾಗಿತ್ತು. ಒಂದು ಆವರ್ತನೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ತುಸು ವಿರಾಮ ಕೊಟ್ಟಾಗ, ಮದ್ದು ಬಿಡುವವರು ಒಂದು ಸಾಲು ಮುಗಿಸಿ ಮುಂದಿನ ಸಾಲು ಹಿಡಿಯುವ ಹಾಗೆ 25 ದೀಪಗಳೂ ಹತ್ತಿದವು.

ಮಾರ್ಗದರ್ಶಕ ಶಿಕ್ಷಕರು ಹಿಂದೆ ಕುಳಿತು ನೋಡುತ್ತಿದ್ದರು. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದರು. ಅದನ್ನು ಓದಿಕೊಂಡು ಬಸ್ಸಿನಲ್ಲಿ ಕಿಟಕಿ ಬದಿ ಕುಳಿತು ಮನೆಗೆ ಹೋದೆ.

ಹನ್ನೊಂದು ಉತ್ತರ ಪತ್ರಿಕೆಗಳು

ಮುಂದಿನ ವಾರದ ಕಿರುಪರೀಕ್ಷೆಯಲ್ಲಿ (2, 3), (4, 1), (0, 4) ಈ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲು ಕೇಳಿತ್ತು. ಮೂರು ಅಂಕ. ಅತ್ಯಂತ ಸುಲಭದ ಪ್ರಶ್ನೆ. ಮೌಲ್ಯಮಾಪನ ಮಾಡಿದ ಮಾರ್ಗದರ್ಶಕರು ನನ್ನನ್ನು ಸಿಬ್ಬಂದಿ ಕೊಠಡಿಗೆ ಕರೆದು, 11 ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹನ್ನೊಂದರಲ್ಲೂ ವೈ-ಅಕ್ಷ ಕೆಳಮುಖ. 0, 1, 2, 3, 4 ಎಂದು ಮೇಲಿನಿಂದ ಕೆಳಕ್ಕೆ. “ನಿಮ್ಮ ದೀಪದ ಪಾಠಕ್ಕಿಂತ ಮೊದಲು ಇವರೆಲ್ಲ ಸರಿಯಾಗಿ ಹಾಕುತ್ತಿದ್ದರು” ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಪ್ಪು ಎಲ್ಲಿ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಠ್ಯಪುಸ್ತಕದ ವೈ ಮೇಲಕ್ಕೆ ಬೆಳೆಯುತ್ತದೆ, ಹಲಗೆಯ ವೈ ಕೆಳಕ್ಕೆ ಬೆಳೆಯುತ್ತದೆ. ನಾನು ತಯಾರಿಸಿ ಹಂಚಿದ್ದ ಅಭ್ಯಾಸ ಹಾಳೆಯಲ್ಲಿ ಹಲಗೆಯ ಕ್ರಮದ ಚೌಕವನ್ನೇ ಬರೆದು, ಅದಕ್ಕೆ ಪಠ್ಯಪುಸ್ತಕದ ಹೆಸರುಗಳನ್ನೇ ಕೊಟ್ಟಿದ್ದೆ: ಎಕ್ಸ್-ಅಕ್ಷ, ವೈ-ಅಕ್ಷ, ಮೂಲಬಿಂದು. ಎರಡರ ನಡುವೆ ವ್ಯತ್ಯಾಸವಿದೆ ಎಂಬ ಒಂದು ಸಾಲೂ ಇರಲಿಲ್ಲ. “ಮೊದಲು ಸರಿ, ಆಮೇಲೆ ಇಳಿ” ಎಂಬುದು ಬೇರೆ. ಮಕ್ಕಳು ಮರೆತದ್ದಲ್ಲ, ನಾನು ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದರು.

ಆ ಹನ್ನೊಂದರಲ್ಲಿ ‘ಠ’ ಬರೆದ ಗುಂಪಿನ ಹುಡುಗಿಯ ಪತ್ರಿಕೆಯೂ ಇತ್ತು. ಆಕೆ ವೈ-ಅಕ್ಷಕ್ಕೆ ಕೆಳಮುಖವಾಗಿ ಬಾಣದ ಗುರುತು ಹಾಕಿ, ಸಂಖ್ಯೆಗಳನ್ನು ಬರೆದು, ಮೂರೂ ಬಿಂದುಗಳನ್ನು ಆ ಅಕ್ಷಕ್ಕೆ ಸರಿಯಾಗಿಯೇ ಗುರುತಿಸಿದ್ದಳು. (0, 4)ನ್ನು ವೈ-ಅಕ್ಷದ ಮೇಲೆಯೇ ಇಟ್ಟಿದ್ದಳು. ಒಳಗಿನ ತರ್ಕದಲ್ಲಿ ಒಂದೂ ತಪ್ಪಿಲ್ಲ. ಅಂಕ ಸೊನ್ನೆ. ಅಂಕ ಕೊಡಬಹುದೇ ಎಂದು ಕೇಳಿದೆ. ಉತ್ತರ ಸೂಚಿಯಂತೆ ಕೊಡಲಾಗುವುದಿಲ್ಲ, ಹತ್ತನೇ ತರಗತಿಯಲ್ಲಿ ಯಾರೂ ಆಕೆಯ ಬಾಣದ ಗುರುತು ನೋಡುವುದಿಲ್ಲ ಎಂದರು. ಅವರ ಮಾತಿನಲ್ಲಿ ಮಕ್ಕಳ ಹಿತ ಇತ್ತು, ಅದನ್ನು ಅಲ್ಲಗಳೆಯಲಾರೆ. ನನಗೆ ಮಾತ್ರ ಇಂದಿಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಪರಿಹಾರ ಬೋಧನೆಗೆ ಒಂದು ಅವಧಿ ಕೊಟ್ಟರು.

ಪರಿಹಾರ ಬೋಧನೆ

ಹಲಗೆಯನ್ನು ಇನ್ನು ಮುಟ್ಟದಿರುವುದು ಒಂದು ದಾರಿ. ಆಗ ಮಕ್ಕಳ ತಲೆಯಲ್ಲಿ ಎರಡು ಕ್ರಮಗಳು ಹೆಸರಿಲ್ಲದೆ ಉಳಿಯುತ್ತವೆ. ಅದರ ಬದಲು ಎರಡನ್ನೂ ಅಕ್ಕಪಕ್ಕ ಇಟ್ಟೆ. ನಗುಮುಖದ ಅದೇ ಏಳು ಜೋಡಿಗಳನ್ನು ಪಠ್ಯಪುಸ್ತಕದ ಕ್ರಮದಲ್ಲಿ, ವೈ ಮೇಲ್ಮುಖವಾಗಿ, ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳಿದೆ. ಮುಖ ತಲೆಕೆಳಗಾಯಿತು. ಕಣ್ಣು ಕೆಳಗೆ, ಬಾಯಿ ಮೇಲೆ. ತರಗತಿ ನಕ್ಕಿತು. “ಪಂಪ್‌ಶೆಡ್ ಯಾವ ಮೂಲೆಯಲ್ಲಿ ಉಂಟು?” ಎಂದು ಕೇಳಿದೆ. ಕಾಗದದಲ್ಲಿ ಎಡಗಡೆಯ ಕೆಳಗಿನ ಮೂಲೆ, ಹಲಗೆಯಲ್ಲಿ ಎಡಗಡೆಯ ಮೇಲಿನ ಮೂಲೆ. ಅಪ್ಪ ಮತ್ತು ಮಾವನ ಚರ್ಚೆ ಮತ್ತೆ ಬಂತು. ಮರ ಅದೇ, ಎಣಿಕೆ ಬೇರೆ.

ಹಲಗೆ ಯಾಕೆ ಹಾಗೆ ಎಣಿಸುತ್ತದೆ ಎಂದು ಕೇಳಿದರು. ಹಳೆಯ ದಪ್ಪ ಟಿ.ವಿ.ಗಳಲ್ಲಿ ಎಲೆಕ್ಟ್ರಾನ್ ಕಿರಣ ಎಡಗಡೆಯ ಮೇಲಿನ ಮೂಲೆಯಿಂದ ಹೊರಟು ಗೆರೆಗೆರೆಯಾಗಿ ಕೆಳಗಿಳಿಯುತ್ತ ಚಿತ್ರ ಬಿಡಿಸುತ್ತಿತ್ತು. ಕಂಪ್ಯೂಟರ್ ಪರದೆಗಳು ಆ ಕ್ರಮವನ್ನೇ ಹಿಡಿದವು, ಮೊಬೈಲ್ ಪರದೆಯೂ ಸಾಮಾನ್ಯವಾಗಿ ಹಾಗೆಯೇ ಎಣಿಸುತ್ತದೆ ಎಂದೆ. “ನಾವು ಪುಸ್ತಕದಲ್ಲಿ ಬರೆಯುದೂ ಹಾಗೆಯೇ ಅಲ್ವಾ, ಮೇಲಿಂದ” ಎಂದು ಒಬ್ಬಳು ಸೇರಿಸಿದಳು.

ಆಮೇಲೆ ಕೆಲಸ ಕೊಟ್ಟೆ: ಕಾಗದದ ಕ್ರಮದಲ್ಲಿ ಬರೆದ ಬಿಂದು ಹಲಗೆಯಲ್ಲಿ ಅದೇ ಜಾಗದಲ್ಲಿ ಉರಿಯಬೇಕು, ಆಜ್ಞೆಯಲ್ಲಿ ಏನು ಬದಲಿಸಬೇಕು? ಕಾಗದದ (0, 0) ಹಲಗೆಯಲ್ಲಿ (0, 4). ಕಾಗದದ (1, 3) ಹಲಗೆಯಲ್ಲಿ (1, 1). ನಾಲ್ಕೈದು ಜೋಡಿ ಬರೆಯುವಷ್ಟರಲ್ಲಿ ಎಕ್ಸ್ ಬದಲಾಗುವುದಿಲ್ಲ, ವೈಯನ್ನು 4ರಿಂದ ಕಳೆಯಬೇಕು ಎಂದು ಹೇಳಿದರು. ಹಿಂದಿನ ವಾರ ಎರಡನೇ ಕರ್ಣಕ್ಕೆ ಬಳಸಿದ್ದೂ ಇದೇ ‘4ರಿಂದ ಕಳೆ’. ಹಾಗಾದರೆ ಹಲಗೆಯಲ್ಲಿ ಎಡದಿಂದ ಬಲಕ್ಕೆ ಏರಿದ ಆ ಗೆರೆ ಕಾಗದದ ಕ್ರಮದಲ್ಲಿ ಯಾವುದು? ಸ್ವಲ್ಪ ಹೊತ್ತು ಮೌನ. ವೈ = ಎಕ್ಸ್ ಎಂದು ಉತ್ತರ ಬಂದದ್ದು ಪಂಪ್‌ಶೆಡ್‌ನ ಹುಡುಗನಿಂದ.

ಮೂರು ಅಂಕ ಕಳೆದುಕೊಂಡ ಹುಡುಗಿ ಕೊನೆಯಲ್ಲಿ ಎದ್ದು ನಿಂತಳು. “ಹಾಗಾದರೆ ನನ್ನದು ತಪ್ಪಲ್ಲ ಅಲ್ವಾ ಟೀಚರ್? ನಾನು ಬಾಣ ಕೆಳಗೆ ಹಾಕಿದ್ದೆ.” ಮಾರ್ಗದರ್ಶಕರು ಹಿಂದೆ ಕುಳಿತಿದ್ದರು. ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಯಾವ ಪಾಠಯೋಜನೆಯಲ್ಲೂ ಬರೆದಿರುವುದಿಲ್ಲ. ನಿನ್ನ ಲೆಕ್ಕ ತಪ್ಪಲ್ಲ, ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಎಂದು ಎಲ್ಲರೂ ಮಾಡಿಕೊಂಡ ಒಪ್ಪಂದ ಒಂದು ಉಂಟು, ಪರೀಕ್ಷೆ ಆ ಒಪ್ಪಂದದ್ದು, ಹಲಗೆಯದ್ದು ಬೇರೆ ಒಪ್ಪಂದ ಎಂದು ಹೇಳದೆ ಇದ್ದದ್ದು ನನ್ನ ತಪ್ಪು ಎಂದೆ. ಆಕೆ ಕುಳಿತಳು. ಸಮಾಧಾನ ಆಯಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ.

ಎರಡು ದಿನ ಬಿಟ್ಟು ಅದೇ ಬಗೆಯ ಪ್ರಶ್ನೆಯನ್ನು ಮತ್ತೆ ಕೊಟ್ಟೆವು. ಹನ್ನೊಂದರಲ್ಲಿ ಒಂಬತ್ತು ಮಂದಿ ಸರಿಯಾಗಿ ಗುರುತಿಸಿದರು. ಉಳಿದ ಇಬ್ಬರಲ್ಲಿ ಒಬ್ಬನ ತೊಡಕು ಬೇರೆಯೇ ಆಗಿತ್ತು: ಅವನು ಎಕ್ಸ್ ಮತ್ತು ವೈಯನ್ನು ಅದಲುಬದಲು ಮಾಡುತ್ತಿದ್ದ. ಮೊದಲ ದಿನ (1, 3)ರಲ್ಲಿ ತಟ್ಟೆ ಎತ್ತಿದವರಲ್ಲಿ ಅವನೂ ಇದ್ದನೇನೋ, ನಾನು ಗುರುತು ಹಾಕಿಕೊಂಡಿರಲಿಲ್ಲ.

ಅಭ್ಯಾಸ ಹಾಳೆಯನ್ನು ಈಗ ತಿದ್ದಿದ್ದೇನೆ. ಒಂದೇ ಹಾಳೆಯಲ್ಲಿ ಎರಡು ಚೌಕಗಳಿವೆ. ಒಂದಕ್ಕೆ ‘ಕಾಗದ’, ಇನ್ನೊಂದಕ್ಕೆ ‘ಹಲಗೆ’ ಎಂದು ತಲೆಬರಹ. ಎರಡರಲ್ಲೂ ಅಕ್ಷಗಳಿಗೆ ಬಾಣ ಹಾಕುವುದು ಮಕ್ಕಳ ಕೆಲಸ, ಬಿಂದು ಗುರುತಿಸುವುದು ಆಮೇಲೆ. ಮೂಲೆಯಲ್ಲಿ ಪುಟ್ಟ ಪಂಪ್‌ಶೆಡ್‌ನ ಚಿತ್ರ ಇದೆ, ಒಂದರಲ್ಲಿ ಕೆಳಗೆ, ಒಂದರಲ್ಲಿ ಮೇಲೆ. “ಮೊದಲು ಸರಿ, ಆಮೇಲೆ ಇಳಿ” ಎಂಬುದನ್ನು ಹಲಗೆಯ ಚೌಕದ ಕೆಳಗೆ ಮಾತ್ರ ಬರೆದಿದ್ದೇನೆ. ಕಾಗದದ ಕೆಳಗೆ “ಮೊದಲು ಸರಿ, ಆಮೇಲೆ ಏರು”. ಹಾಳೆಯ ಪ್ರತಿಗಳು ಮತ್ತು ನಾಲ್ಕು ಹಲಗೆಗಳು ಕಾಲೇಜಿನ ಗಣಿತ ಪ್ರಯೋಗಾಲಯದ ಬಿಸ್ಕತ್ತು ಡಬ್ಬಿಯಲ್ಲಿವೆ. ತೆಗೆದುಕೊಂಡು ಹೋಗುವವರು ಶೆಲ್‌ಗಳನ್ನು ಕೆಲಸ ಮುಗಿದ ಕೂಡಲೇ ಹೊರತೆಗೆದಿಡಬೇಕು. ಮಳೆಗಾಲದಲ್ಲಿ ಒಳಗೇ ಬಿಟ್ಟರೆ ಸೋರಿ, ಸಂಪರ್ಕದ ತಗಡಿಗೆ ಕಿಲುಬು ಹಿಡಿಯುತ್ತದೆ. ಮೂರನೇ ನಂಬರಿನ ಹಲಗೆಯ ಬಿ ಗುಂಡಿಯನ್ನು ಸ್ವಲ್ಪ ಜೋರಾಗಿ ಒತ್ತಬೇಕು.